ವರಾಂಡದಿಂದ ಕಾಣೆಯಾದ ಮರಿ

ಕ್ವಾಂಡಾಂಗ್ ವೆಲ್ ಕುರಿ ಫಾರ್ಮು,
ದಕ್ಷಿಣ ಆಸ್ಟ್ರೇಲಿಯಾ
9 ಆಗಸ್ಟ್ 1953

ನೋಸ್ಕೆ ಅವರೇ,

ನಿಮ್ಮ ಕ್ಷೌರದ ಬ್ರಷ್ಷು ನಮ್ಮ ಬಚ್ಚಲಲ್ಲೇ ಉಳಿದುಹೋಗಿತ್ತು. ಗಡ್ಡ ಬಿಟ್ಟುಕೊಂಡೇ ಮ್ಯೂಸಿಯಂಗೆ ಹೋಗುತ್ತಿದ್ದೀರೋ ಏನೋ ಎಂದು ನನ್ನ ಗಂಡ ವಿಲ್ಫ್ ದಿನಾ ನಗುತ್ತಾನೆ. ಅಂಚೆ ಲಾರಿಯ ಕಾನ್ರಾಡ್ ಕೈಯಲ್ಲಿ ಕಳಿಸಿದ್ದೇನೆ, ತಲುಪಿದ್ದಕ್ಕೆ ಒಂದು ಗೆರೆ ಬರೆಯಿರಿ.

ನಮ್ಮ ಉಪ್ಪು ಕೆರೆಯ ಮಹಾತಾಯಿ ಸುಖವಾಗಿ ಅಡಿಲೇಡ್ ಸೇರಿದಳೇ? ಇಷ್ಟು ವರ್ಷ ಆ ಕೆರೆಯ ದಡದಲ್ಲಿ ಕುರಿ ಮೇಯಿಸಿದ್ದೇವೆ. ಎತ್ತಿಗಿಂತ ದೊಡ್ಡದಾದ, ಕಾಂಗರೂವಿನ ಹಾಗೆ ಹೊಟ್ಟೆಚೀಲ ಇದ್ದ ಪ್ರಾಣಿಯೊಂದು ನಮ್ಮ ಕಾಲಡಿಯ ಕೆಸರಿನಲ್ಲಿ ಹೂತು, ನಿಂತಲ್ಲೇ ಸತ್ತಿತ್ತೆಂದು ಯಾರು ಕಂಡಿದ್ದರು? ನೀವು ಹೇಳಿಕೊಟ್ಟ ಡೈಪ್ರೊಟೊಡಾನ್ ಎಂಬ ಹೆಸರು ವಿಲ್ಫ್‌ನ ಬಾಯಲ್ಲಿ ಹೊರಳುವುದಿಲ್ಲ. ‘ಡಿಪ್ಪಿ ಊರು ಸೇರಿದ್ಲಂತಾ?’ ಎಂದು ಕೇಳುತ್ತಾನೆ. ನನಗೆ ಮಾತ್ರ ಅವಳ ಹೊಟ್ಟೆಯ ಜಾಗದಲ್ಲಿ ಸಿಕ್ಕಿತಲ್ಲ, ಆ ಮರಿಯದೇ ಯೋಚನೆ. ದಾರಿಯಲ್ಲಿ ಒಡೆಯದಂತೆ ಮೆತ್ತುವ ಪ್ಲಾಸ್ಟರ್ ಮುಗಿಯಿತೆಂದು ಅದರ ಮೂಳೆಗಳನ್ನು ನನ್ನ ಹಿಟ್ಟಿನ ಅಂಟಿನಲ್ಲಿ ಅದ್ದಿದ ಗೋಣಿಪಟ್ಟಿಯಿಂದ ಸುತ್ತಿದಿರಿ. ಅಷ್ಟು ಹಿಟ್ಟಿನಲ್ಲಿ ಇಡೀ ಮನೆಗೆ ಎಷ್ಟು ದಿನದ ರೊಟ್ಟಿ ಆಗುತ್ತಿತ್ತು ಗೊತ್ತೇ? ಇರಲಿ, ನನ್ನ ಹಿಟ್ಟೂ ಮ್ಯೂಸಿಯಂ ಸೇರಿತು.

ನನ್ನ ಅಡುಗೆಮನೆಯ ಬಲಗೈ ಕ್ಲಾರಾ ನಿಮ್ಮನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಅವಳ ಮಗಳು ಐವಿಗೆ ನೀವು ಮರಿಯ ಚಿತ್ರ ಬರೆದುಕೊಡುತ್ತೇನೆ ಎಂದಿದ್ದಿರಂತೆ. ಲಾರಿ ಬಂದಾಗಲೆಲ್ಲ ಓಡಿಹೋಗಿ ಕೇಳುತ್ತಾಳೆ. ನೀವು ಹೊರಟ ದಿನದಿಂದ ನಮ್ಮ ನಾಯಿ ಸಾರ್ಜೆಂಟ್ ಹೊಟ್ಟೆ ಕೆಟ್ಟು ಮಲಗಿದ್ದ, ಈಗ ಎದ್ದಿದ್ದಾನೆ. ನಿಮ್ಮ ವಿದ್ಯಾರ್ಥಿಗಳು ಅವನಿಗೆ ಏನು ತಿನ್ನಿಸಿದರೋ ಕಾಣೆ.

ಹೆಟ್ಟಿ ಪೆಂಗಿಲಿ


ಅಡಿಲೇಡ್
24 ಆಗಸ್ಟ್ 1953

ಮಾನ್ಯ ಶ್ರೀಮತಿ ಪೆಂಗಿಲಿ ಅವರಿಗೆ,

ಬ್ರಷ್ ತಲುಪಿತು. ವಂದನೆಗಳು.

ವಿಷಯ ಗಂಭೀರವಾಗಿದೆ. ನಾವು ತಂದ ಎಲ್ಲ ಕಟ್ಟುಗಳನ್ನೂ ಬಿಚ್ಚಿದ್ದಾಯಿತು. ತಾಯಿಯ ತಲೆಬುರುಡೆ, ತೊಡೆ, ಪಾದ ಎಲ್ಲವೂ ಇವೆ. ಮರಿಯ ಕಟ್ಟು ಇಲ್ಲ. ಹೊರಡುವ ಹಿಂದಿನ ಸಂಜೆ ಅದನ್ನು ಒಣಗಲೆಂದು ನಿಮ್ಮ ವರಾಂಡದಲ್ಲಿ ಇಟ್ಟವನು ನಾನೇ. ಮುಂಜಾನೆ ಮೋಡ ಕವಿದಿದ್ದರಿಂದ, ಮಳೆಗೆ ದಾರಿ ಮುಚ್ಚೀತೆಂದು ಅವಸರದಲ್ಲಿ ಲಾರಿ ತುಂಬಿಸಿದೆವು. ಆ ನಡುವೆ ವರಾಂಡಕ್ಕೆ ಬಂದವರು ಯಾರು ಎಂಬುದನ್ನು ದಯವಿಟ್ಟು ಯೋಚಿಸಿ ತಿಳಿಸಿ.

ನಿಮ್ಮ ಕೆಲಸದ ಹೆಂಗಸು ಕ್ಲಾರಾ ಆ ಸಂಜೆ ಮರಿಯನ್ನು ಬೇರೆ ಮಾಡಬಾರದಿತ್ತು ಎಂದು ನನ್ನೆದುರೇ ಹೇಳಿದಳು. ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಆದರೆ ಆ ಮಾತು ನನ್ನ ಕಿವಿಯಲ್ಲಿ ಉಳಿದಿದೆ. ನವೆಂಬರಿನಲ್ಲಿ ತಾಯಿ ಮತ್ತು ಮರಿಯ ಬಗ್ಗೆ ನನ್ನ ಸಾರ್ವಜನಿಕ ಉಪನ್ಯಾಸವಿದೆ. ಮ್ಯೂಸಿಯಂ ನಿರ್ದೇಶಕರು ಪತ್ರಿಕೆಗಳಿಗೂ ತಿಳಿಸಿಯಾಗಿದೆ. ಮರಿ ಸಿಗದಿದ್ದರೆ ಅದು ಇತ್ತೆಂದೇ ಯಾರೂ ನಂಬುವುದಿಲ್ಲ. ಅಗತ್ಯ ಬಿದ್ದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ.

ಇನ್ನೊಂದು ಮಾತು. ನನಗೆ ಬರುವ ಪತ್ರಗಳನ್ನು ಮೊದಲು ಕಚೇರಿಯಲ್ಲಿ ಒಡೆಯುತ್ತಾರೆ. ಹಿಟ್ಟಿನ ಪ್ರಸ್ತಾಪ ಬೇಡ. ಎಲ್ಲಕ್ಕೂ ಪ್ಲಾಸ್ಟರನ್ನೇ ಬಳಸಿದೆ ಎಂದು ವರದಿಯಲ್ಲಿದೆ. ಅದೇನು ಹಿಟ್ಟು ಎಂದು ನಿರ್ದೇಶಕರು ಕೇಳಿದರು. ನೀವು ತಮಾಷೆಯ ಸ್ವಭಾವದವರು ಎಂದು ಹೇಳಿದೆ.

ಓಸ್ಕರ್ ನೋಸ್ಕೆ


ಕ್ವಾಂಡಾಂಗ್ ವೆಲ್
6 ಸೆಪ್ಟೆಂಬರ್ 1953

ನೋಸ್ಕೆ ಅವರೇ,

ನಿಮ್ಮ ಪತ್ರ ಓದಿ ಮೈಯೆಲ್ಲ ಉರಿದುಹೋಯಿತು. ಆರೋಪ ಹೊರಿಸುತ್ತಿಲ್ಲ ಎನ್ನುತ್ತೀರಿ, ಮುಂದಿನ ಸಾಲಿನಲ್ಲೇ ಹೊರಿಸುತ್ತೀರಿ. ಚೆನ್ನಾಗಿದೆ ನಿಮ್ಮ ನ್ಯಾಯ!

ಕ್ಲಾರಾ ಹಾಗೆ ಹೇಳಿದ್ದು ನಿಜ. ನಾನು ಪಕ್ಕದಲ್ಲೇ ಪಾತ್ರೆ ಕಲಕುತ್ತಿದ್ದೆ. ‘ಮರೀನ ತಾಯಿ ಹತ್ರಾನೇ ಬಿಡ್ಬೇಕಿತ್ತು ಅಯ್ಯಾ, ಬೇರೆ ಮಾಡ್ಬಾರ್ದಿತ್ತು’ ಅಂದಳು. ಹೆತ್ತವಳು ಯಾರಾದರೂ ಆಡುವ ಮಾತು ಅದು. ಅಷ್ಟಕ್ಕೇ ಅವಳು ಕಳ್ಳಿಯಾದಳೇ? ಈ ಮನೆಯ ಚಮಚೆಯಿಂದ ಹಿಡಿದು ವಿಲ್ಫ್‌ನ ಬಂದೂಕಿನವರೆಗೆ ಎಲ್ಲವೂ ಅವಳ ಕೈಗೆ ಸಿಗುವ ಹಾಗೇ ಬಿದ್ದಿರುತ್ತವೆ. ಇಂದಿನವರೆಗೆ ಒಂದು ಸೂಜಿ ಅತ್ತಿತ್ತ ಆಗಿಲ್ಲ.

ಈಗ ನಾನು ಕೇಳುತ್ತೇನೆ, ಉತ್ತರ ಕೊಡಿ. ಲಾರಿ ತುಂಬಿದವರು ನಿಮ್ಮವರು. ದಾರಿಯ ಗುಂಡಿಗಳು ಎಂಥವೆಂದು ನನಗೆ ಗೊತ್ತು. ಎಲ್ಲೋ ಲಾರಿ ಎಗರಿ ಮರಿ ಕೆಳಗೆ ಬಿದ್ದು ಪುಡಿಯಾಗಿರಬೇಕು. ಅದನ್ನು ನಿರ್ದೇಶಕರ ಮುಂದೆ ಹೇಳಲು ಧೈರ್ಯ ಸಾಲದೆ ಬಡಪಾಯಿ ಹೆಂಗಸಿನ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದೀರಿ. ಒಂದು ವಿಷಯ ಮುಚ್ಚಿಡಲು ನನ್ನನ್ನೇ ಕೇಳಿಕೊಂಡವರು ಇನ್ನೊಂದನ್ನು ಮುಚ್ಚಿಡಲಾರರೇ?

ಪೊಲೀಸರನ್ನು ಮಾತ್ರ ಇಲ್ಲಿಗೆ ಕಳಿಸಬೇಡಿ. ಕೈಮುಗಿದು ಕೇಳುತ್ತೇನೆ. ಏಕೆಂದು ಬರೆಯಲಾರೆ, ನನ್ನ ಪತ್ರಗಳನ್ನು ಯಾರು ಓದುತ್ತಾರೆಂದು ನೀವೇ ಹೇಳಿದ್ದೀರಿ.

ಹೆ. ಪೆಂಗಿಲಿ


ಅಡಿಲೇಡ್
19 ಸೆಪ್ಟೆಂಬರ್ 1953

ಶ್ರೀಮತಿ ಪೆಂಗಿಲಿ ಅವರಿಗೆ,

ಲಾರಿಯಿಂದ ಏನೂ ಬಿದ್ದಿಲ್ಲ. ಹಿಂಬದಿಯಲ್ಲಿ ಕಟ್ಟುಗಳ ಮೇಲೆ ಕೈಯಿಟ್ಟುಕೊಂಡು ರೈಲು ನಿಲ್ದಾಣದವರೆಗೆ ಕುಳಿತಿದ್ದವನು ನಾನು.

ಪೊಲೀಸ್ ಎಂಬ ಮಾತಿಗೆ ನೀವು ಇಷ್ಟು ಹೆದರಿದ್ದನ್ನು ಗಮನಿಸಿದೆ. ಇನ್ನೊಂದನ್ನೂ ಗಮನಿಸಿದೆ. ಮೊದಲ ಪತ್ರದಲ್ಲಿ ಐವಿಯ ಬಗ್ಗೆ ಅಷ್ಟು ಅಕ್ಕರೆಯಿಂದ ಬರೆದವರು ಈ ಸಲ ಆ ಹುಡುಗಿಯ ಹೆಸರನ್ನೇ ಎತ್ತಿಲ್ಲ. ಆ ಸಂಜೆ ಅವಳು ಮರಿಯ ದವಡೆಯನ್ನು ಎದೆಗೆ ಒತ್ತಿಕೊಂಡು, ‘ಕೊಡಲ್ಲ, ಇದು ನಂದು’ ಎಂದು ಹಟ ಹಿಡಿದದ್ದು ನನಗೆ ನೆನಪಿದೆ. ನಿಮಗೂ ಇರಬೇಕು.

ಮಗು ತೆಗೆದುಕೊಂಡಿದ್ದರೆ ನಾನು ಬೈಯುವುದಿಲ್ಲ. ಮೂಳೆ ವಾಪಸ್ ಬಂದರೆ ಸಾಕು. ಕಚೇರಿಯ ಭಯವಿದ್ದರೆ ಮೇಲಿರುವ ನನ್ನ ಮನೆಯ ವಿಳಾಸಕ್ಕೆ ಬರೆಯಿರಿ; ಇಲ್ಲಿ ನಾನೊಬ್ಬನೇ ಇರುವುದು. ಬರುವ ಅಂಚೆಯಲ್ಲಿ ಉತ್ತರ ನಿರೀಕ್ಷಿಸುತ್ತೇನೆ. ಬಾರದಿದ್ದರೆ ಅದನ್ನೇ ಉತ್ತರವೆಂದು ತಿಳಿಯುತ್ತೇನೆ.

ಓ. ನೋಸ್ಕೆ


ಕ್ವಾಂಡಾಂಗ್ ವೆಲ್
4 ಅಕ್ಟೋಬರ್ 1953

ನೋಸ್ಕೆ ಅವರೇ,

ಮನೆಯ ವಿಳಾಸ ಕೊಟ್ಟಿದ್ದು ಒಳ್ಳೆಯದಾಯಿತು. ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ, ಓದಿ ಒಲೆಗೆ ಹಾಕಿ.

ಕ್ಲಾರಾ ಈ ನೆಲದ ಮೂಲನಿವಾಸಿಗಳವಳು, ಐವಿಯ ಅಪ್ಪ ಬಿಳಿಯ. ದನ ಹೊಡೆದುಕೊಂಡು ಹೋಗುವವನು, ಹೋದವನು ತಿರುಗಿ ಬರಲಿಲ್ಲ. ಇಂಥ ಮಕ್ಕಳನ್ನು ಕಂಡರೆ ಪೊಲೀಸರು ತಾಯಿಯಿಂದ ಬಿಡಿಸಿ ದಕ್ಷಿಣದ ಅನಾಥಾಲಯಕ್ಕೆ ಒಯ್ಯುತ್ತಾರೆ. ಕ್ಲಾರಾಳ ತಂಗಿಯ ಮಗನನ್ನು ಹಾಗೇ ಒಯ್ದರು, ಇಂದಿಗೂ ಸುಳಿವಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟಳೆ ಇದೆ. ದಿನ್ನೆಯ ಆಚೆ ಧೂಳೆದ್ದಿದ್ದು ಕಂಡರೆ, ಬರುತ್ತಿರುವುದು ಯಾರ ಗಾಡಿ ಎಂದು ತಿಳಿಯುವವರೆಗೆ ಐವಿ ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಓಡಿ ಮೂಟೆಗಳ ಹಿಂದೆ ಅಡಗಬೇಕು. ನೀವು ಬಂದ ದಿನವೂ ಅಡಗಿದ್ದಳು. ನೀವು ಒಳ್ಳೆಯವರೆಂದು ಕಂಡ ಮೇಲೆ ನಾನೇ ಹೊರಗೆ ಕರೆದೆ. ಈಗ ತಿಳಿಯಿತೇ ಆ ಹೆಸರು ನಿಮ್ಮ ಕಚೇರಿಯವರ ಕಣ್ಣಿಗೆ ಏಕೆ ಬೀಳಬಾರದೆಂದು?

8 ಅಕ್ಟೋಬರ್. ಮಳೆ ಶುರುವಾಗಿದೆ. ಲಾರಿ ಬಂದಿಲ್ಲ.

18 ಅಕ್ಟೋಬರ್. ಹಳ್ಳ ತುಂಬಿ ದಾರಿ ಕೊಚ್ಚಿಹೋಗಿದೆ. ಈ ಪತ್ರ ಮೇಜಿನ ಮೇಲೇ ಕುಳಿತಿದೆ. ಒಂದು ಮಾತು ಸೇರಿಸುತ್ತೇನೆ. ಕ್ಲಾರಾಳ ಗುಡಿಸಲಿನಲ್ಲಿ ನಿಮ್ಮ ಮೂಳೆ ಇಲ್ಲ. ಅದು ನನಗೆ ಹೇಗೆ ಗೊತ್ತೆಂದು ಕೇಳಬೇಡಿ.

ಹೆಟ್ಟಿ


ಅಡಿಲೇಡ್
17 ಅಕ್ಟೋಬರ್ 1953

ಶ್ರೀಮತಿ ಪೆಂಗಿಲಿ ಅವರಿಗೆ,

ಬರಬೇಕಾದ ಉತ್ತರ ಬರಲಿಲ್ಲ. ರೈಲು ಎಂದಿನಂತೆ ಓಡುತ್ತಿದೆ, ನಿಮ್ಮ ಕಡೆಯ ಬೇರೆ ಅಂಚೆ ನಗರಕ್ಕೆ ಬರುತ್ತಲೇ ಇದೆ. ಆದ್ದರಿಂದ ನಿಮ್ಮ ಮೌನಕ್ಕೆ ಒಂದೇ ಅರ್ಥ ಕಾಣುತ್ತಿದೆ.

ನಿಮ್ಮ ವಲಯದ ಪೊಲೀಸ್ ಠಾಣೆಗೆ ನಿನ್ನೆ ಬರೆದಿದ್ದೇನೆ. ಕ್ಲಾರಾ ಎಂಬಾಕೆಯನ್ನೂ ಆಕೆಯ ಮಗಳನ್ನೂ ವಿಚಾರಿಸಿ, ಅವರ ವಾಸದ ಜಾಗವನ್ನು ಹುಡುಕಬೇಕೆಂದು ಕೋರಿದ್ದೇನೆ.

ಓ. ನೋಸ್ಕೆ


ಕ್ವಾಂಡಾಂಗ್ ವೆಲ್
1 ನವೆಂಬರ್ 1953

ನೋಸ್ಕೆ,

ನಿಮ್ಮ ಪತ್ರವೂ ಪೊಲೀಸನೂ ಒಂದೇ ದಿನ ಬಂದರು. ಅಂಚೆ ಲಾರಿ ಮುಂದೆ, ಅವನ ಜೀಪು ಹಿಂದೆ. ಮಳೆಗೆ ನೆಲ ನೆನೆದು ಒಂದು ಚೂರು ಧೂಳು ಏಳಲಿಲ್ಲ. ಐವಿ ಅಂಗಳದ ಮಧ್ಯೆ ಕುಳಿತು ಕೆಸರಿನಲ್ಲಿ ನಿಮ್ಮ ಡಿಪ್ಪಿಯನ್ನು ಮಾಡುತ್ತಿದ್ದಳು. ಜೀಪಿನ ಬಾಗಿಲು ಬಡಿದ ಸದ್ದಿಗೇ ನಾವು ತಲೆಯೆತ್ತಿದ್ದು.

ಕ್ಲಾರಾಳ ತಗಡಿನ ಪೆಟ್ಟಿಗೆಯನ್ನು ತೆರೆದು ಒಂದೊಂದೇ ಬಟ್ಟೆಯನ್ನು ಅಂಗಳಕ್ಕೆ ಎಸೆದ. ಮೂಳೆಯೂ ಇಲ್ಲ, ಮಣ್ಣೂ ಇಲ್ಲ. ಅಷ್ಟಕ್ಕೆ ಹೋಗಿಬಿಡುತ್ತಾನೆ ಅಂದುಕೊಂಡೆ. ಆಗ ಅವನ ಕಣ್ಣು ಮಗುವಿನ ಮೇಲೆ ಬಿತ್ತು.

‘ಪತ್ರದಲ್ಲಿ ಬರೆದಿದ್ರಲ್ಲ ಮಗಳು ಅಂತ, ಇವಳೇನಾ? ಇದರಪ್ಪ ಬಿಳಿಯನಾ?’

ವಿಲ್ಫ್ ಟೋಪಿ ತಿರುಗಿಸುತ್ತಾ ನಿಂತ.

‘ಇಂಥವರನ್ನ ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ ಮೇಡಂ. ಅನಾಥಾಲಯದಲ್ಲಿ ಚೆನ್ನಾಗಿ ನೋಡ್ಕೋತಾರೆ. ಕಾಗದ ಮಾಡಿಸ್ಕೊಂಡು ಮುಂದಿನ ವಾರ ಬರ್ತೀನಿ, ಬಟ್ಟೆ ಜೋಡಿಸಿಡಿ.’

‘ಅನಾಥಾಲಯ ಯಾಕ್ರೀ? ಅವಳ ತಾಯಿ ಕಣ್ಮುಂದೆ ನಿಂತಿದಾಳಲ್ರೀ!’ ಎಂದು ಕೂಗಿದೆ. ಅವನು ಕ್ಲಾರಾಳ ಕಡೆ ತಿರುಗಿಯೂ ನೋಡಲಿಲ್ಲ.

ಬೆಳಗಾಗುವಷ್ಟರಲ್ಲಿ ಗುಡಿಸಲು ಖಾಲಿ. ಪೆಟ್ಟಿಗೆ ಬಿಟ್ಟು ಹೋಗಿದ್ದಾಳೆ. ಎಲ್ಲಿಗೆ ಹೋದರೋ, ಆ ಮಗು ಎಷ್ಟು ದೂರ ನಡೆಯಬಲ್ಲದೋ ಗೊತ್ತಿಲ್ಲ. ನಿಮ್ಮ ಮರಿ ಸತ್ತು ಸಾವಿರಾರು ವರ್ಷವಾಯಿತು, ಸ್ವಾಮಿ. ನಮ್ಮದು ಬದುಕಿತ್ತು.

ಮೇಜಿನ ಮೇಲಿದ್ದ ಹಳೆಯ ಪತ್ರವನ್ನೂ ಇದರ ಜೊತೆಗೇ ಕಳಿಸುತ್ತಿದ್ದೇನೆ. ಓದಿ. ಹೊಟ್ಟೆ ಉರಿಯಲಿ ನಿಮಗೂ.

ಹೆಟ್ಟಿ ಪೆಂಗಿಲಿ


ಅಡಿಲೇಡ್
13 ನವೆಂಬರ್ 1953

ಶ್ರೀಮತಿ ಪೆಂಗಿಲಿ ಅವರಿಗೆ,

ಎರಡು ಪತ್ರಗಳೂ ಒಟ್ಟಿಗೆ ಬಂದವು. ಮೊದಲಿನದನ್ನು ಮೊದಲು ಓದಿದೆ.

ನನಗೆ ಗೊತ್ತಿರಲಿಲ್ಲ. ವಿಚಾರಿಸಿ ಎಂದಷ್ಟೇ ಬರೆದಿದ್ದೆ. ಮಗಳು ಎಂಬ ಪದವನ್ನು ನಾನೇ ಬರೆದೆನಲ್ಲ ಎಂದು ಊಟ ಸೇರುತ್ತಿಲ್ಲ. ಉಪನ್ಯಾಸ ರದ್ದಾಗಿದೆ. ಮರಿ ಎಂಬುದೇ ನನ್ನ ಕಲ್ಪನೆ ಎಂದು ನಿರ್ದೇಶಕರು ಎಲ್ಲರೆದುರು ನಗುತ್ತಾರೆ. ಆದರೆ ನಿಮ್ಮ ಅಂಗಳದಲ್ಲಿ ಆದದ್ದರ ಮುಂದೆ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಇಷ್ಟು ಬರೆದ ಮೇಲೂ ಕೇಳದೆ ಇರಲಾರೆ, ಕ್ಷಮಿಸಿ. ಹೋಗುವಾಗ ಅವರ ಕೈಯಲ್ಲಿ ಏನಾದರೂ ಗಂಟು ಇತ್ತೇ? ನೋಡಿದವರು ಇದ್ದಾರೆಯೇ? ಗುಡಿಸಲಿನಲ್ಲಿ ಇಲ್ಲವೆಂದು ನಿಮಗೆ ಹೇಗೆ ಗೊತ್ತಾಯಿತು?

ಓ. ನೋಸ್ಕೆ


ಕ್ವಾಂಡಾಂಗ್ ವೆಲ್
29 ನವೆಂಬರ್ 1953

ನೋಸ್ಕೆ,

ನಿಮ್ಮ ಜನ್ಮಕ್ಕಂಟಿದ ಅನುಮಾನ ಬಿಡುವುದಿಲ್ಲ ಅಲ್ಲವೇ? ಹೇಳುತ್ತೇನೆ ಕೇಳಿ. ಮಳೆ ಬಿದ್ದ ವಾರ, ಕ್ಲಾರಾ ಕೋಳಿಗೂಡಿನ ಕಡೆ ಹೋಗಿದ್ದಾಗ, ನಾನೇ ಅವಳ ಪೆಟ್ಟಿಗೆ ತೆರೆದು ನೋಡಿದೆ. ನಿಮ್ಮ ಪತ್ರಗಳು ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದವು. ಪೊಲೀಸನಿಗಿಂತ ಮೊದಲು ಕೈ ಹಾಕಿದವಳು ನಾನು. ಅವನು ಬಟ್ಟೆ ಎಸೆಯುವಾಗ ನನ್ನ ಕೋಪ ಅರ್ಧ ನನ್ನ ಮೇಲೇ ಇತ್ತು.

ಈಗ ಮರಿಯ ವಿಷಯ. ಬೇಸಿಗೆಯ ಧೂಳು ನುಗ್ಗದಿರಲೆಂದು ಪ್ರತಿ ವರ್ಷ ಈ ಹೊತ್ತಿಗೆ ಅಡುಗೆಮನೆಯ ಗೋಡೆಯ ಸಂದುಗಳಿಗೆ ಹಳೆಯ ಪತ್ರಿಕೆ ಅಂಟಿಸುತ್ತೇವೆ. ಮಂಗಳವಾರ ಅಂಟು ಕುದಿಸಿ ಕೆಳಗಿನ ಸಾಲು ಮುಗಿಸಿದ್ದೆ. ಚಹಾ ಕುಡಿದು ತಿರುಗಿ ನೋಡುತ್ತೇನೆ, ಸಾರ್ಜೆಂಟ್ ಗೋಡೆಗೆ ಮೂತಿಯಿಟ್ಟು ನೆಕ್ಕುತ್ತಿದ್ದಾನೆ. ಕಾಗದವನ್ನೇ ಕಿತ್ತು ತಿನ್ನುತ್ತಿದ್ದಾನೆ. ‘ಥೂ ಹೊಟ್ಟೆಬಾಕ, ಮತ್ತೆ ಹೊಟ್ಟೆ ಕೆಡಿಸ್ಕೋತೀಯಾ?’ ಎಂದು ಬೈದವಳು ಹಾಗೇ ನಿಂತುಬಿಟ್ಟೆ.

ನೀವು ಹೊರಟ ದಿನ ಅವನ ಹೊಟ್ಟೆ ಕೆಟ್ಟಿತ್ತಲ್ಲ.

ಇಲ್ಲಿಯ ಒಣ ಹವೆಗೆ ಬರೀ ಹಿಟ್ಟಿನ ಅಂಟು ಬಿರುಕು ಬಿಟ್ಟು ಉದುರುತ್ತದೆ. ಅದಕ್ಕೇ ಈ ಕಡೆಯ ಹೆಂಗಸರು ಅದಕ್ಕೆ ಕರಗಿಸಿದ ಕುರಿಕೊಬ್ಬು ಬೆರೆಸುತ್ತೇವೆ. ಮರಿಗೆ ಸುತ್ತುವ ಅಂಟಿಗೂ ಧಾರಾಳವಾಗಿ ಬೆರೆಸಿದ್ದೆ, ಗಟ್ಟಿಯಾಗಿ ಇರಲೆಂದು. ನಿಮಗೆ ಹೇಳುವ ಮಾತೆಂದು ಅನ್ನಿಸಲೇ ಇಲ್ಲ. ನೀವಾದರೂ ಹಿಟ್ಟಿನ ಹೆಸರೆತ್ತಬೇಡಿ ಎಂದು ನನ್ನ ಬಾಯಿಗೆ ಬೀಗ ಹಾಕಿದಿರಿ. ವರಾಂಡದಲ್ಲಿ ನಾಯಿಯ ಮೂಗಿಗೆ ಊಟ ಇಟ್ಟು, ನಾವಿಬ್ಬರೂ ತಾಯಿ ಮಗಳ ಕೈ ನೋಡಿದೆವು.

ನೀರಿನ ತೊಟ್ಟಿಯ ಕೆಳಗೆ ಅವನು ಎಲ್ಲವನ್ನೂ ಹೂಳುವ ಜಾಗವಿದೆ. ಕೈಯಾರೆ ಅಗೆದೆ. ಗೋಣಿಯ ಚಿಂದಿ, ವಿಲ್ಫ್‌ನ ಒಂದು ಚಪ್ಪಲಿ, ಅದರ ಅಡಿಯಲ್ಲಿ ನಿಮ್ಮ ಮರಿ. ಪಕ್ಕೆಲುಬು ಎರಡು ಮುರಿದಿವೆ. ದವಡೆಗೆ ಏನೂ ಆಗಿಲ್ಲ. ಅಲ್ಲೇ ಕೆಸರಿನಲ್ಲಿ ಕುಳಿತು ಅತ್ತೆ.

ಕುಣಿದಾಡಬೇಡಿ, ಇನ್ನೂ ಕಳಿಸಿಲ್ಲ. ಪೊಲೀಸನು ವಾರ ಬಿಟ್ಟು ವಾರ ಬಂದು ಗುಡ್ಡದ ಕಡೆ ಅವಳ ಜನರ ಬಿಡಾರಗಳನ್ನೆಲ್ಲ ಜಾಲಾಡುತ್ತಿದ್ದಾನೆ. ನೀವು ಅವನಿಗೆ ಒಂದು ಪತ್ರ ಬರೆಯಬೇಕು. ಮೂಳೆ ಸಿಕ್ಕಿತು, ಕ್ಲಾರಾ ನಿರ್ದೋಷಿ ಎಂದು. ಜೊತೆಗೆ ಇದನ್ನೂ: ತಾಯಿ ಮಗಳು ಅಡಿಲೇಡಿನಲ್ಲಿ ಮೆಲ್ಬೋರ್ನ್ ರೈಲು ಹತ್ತಿದ್ದನ್ನು ನೀವೇ ಕಣ್ಣಾರೆ ಕಂಡಿರೆಂದು. ಸುಳ್ಳು ಅಂತೀರಾ? ಹೌದು, ಸುಳ್ಳೇ. ನಿಮ್ಮ ಮಾತನ್ನು ಅವನು ಒಮ್ಮೆ ನಂಬಿದ್ದಾನೆ, ಇನ್ನೊಮ್ಮೆ ನಂಬಲಿ. ಅದರ ನಕಲು ನನ್ನ ಕೈ ಸೇರಿದ ಮೇಲೆ ಮರಿ ಹೊರಡುತ್ತದೆ.

ಹೆಟ್ಟಿ


ಅಡಿಲೇಡ್
11 ಡಿಸೆಂಬರ್ 1953

ಪ್ರಿಯ ಶ್ರೀಮತಿ ಪೆಂಗಿಲಿ,

ನಕಲು ಇದರೊಂದಿಗಿದೆ. ತಾಯಿಯ ಕೈಯಲ್ಲಿ ಹಳದಿ ಚೀಲ, ಮಗುವಿನ ಕಾಲಲ್ಲಿ ಹೊಸ ಬೂಟು ಇದ್ದವೆಂದೂ ಬರೆದಿದ್ದೇನೆ. ಅಷ್ಟು ವಿವರವಿದ್ದರೆ ನಂಬುತ್ತಾರೆ. ಇದು ನನ್ನ ಜೀವನದ ಮೊದಲ ಸುಳ್ಳು ಎಂದು ಬರೆಯಲು ಹೊರಟಿದ್ದೆ, ಹಿಟ್ಟಿನ ವಿಷಯ ನೆನಪಾಯಿತು.

ಅದನ್ನೂ ನಿನ್ನೆ ನಿರ್ದೇಶಕರಿಗೆ ಹೇಳಿದೆ. ಹಿಟ್ಟು, ನಾಯಿ, ವರದಿಯಲ್ಲಿ ಬರೆದ ಪ್ಲಾಸ್ಟರ್, ಎಲ್ಲವನ್ನೂ. ಇನ್ನು ಮುಂದೆ ಕೆರೆಗೆ ಹೋಗುವ ತಂಡದಲ್ಲಿ ನಾನಿರುವುದಿಲ್ಲ. ತಾಯಿಯನ್ನು ಜೋಡಿಸಿ ನಿಲ್ಲಿಸುವ ಕೆಲಸ ಮಾತ್ರ ನನಗೇ ಬಿಟ್ಟಿದ್ದಾರೆ.

ಐವಿಗೆ ಬರೆದ ಚಿತ್ರ ಲಕೋಟೆಯಲ್ಲಿದೆ. ತಡವಾಯಿತು. ಅವರ ಸುದ್ದಿ ತಿಳಿದರೆ ಎಲ್ಲಿದ್ದಾರೆಂದು ಬರೆಯಿರಿ, ನಾನೇ ಬಂದು ಕ್ಷಮೆ ಕೇಳಬೇಕು.

ಓಸ್ಕರ್ ನೋಸ್ಕೆ


ಕ್ವಾಂಡಾಂಗ್ ವೆಲ್
24 ಜನವರಿ 1954

ಓಸ್ಕರ್ ಅವರೇ,

ಮರಿ ಈ ಲಾರಿಯಲ್ಲಿ ಬರುತ್ತಿದೆ. ಒಳ್ಳೆಯ ಉಣ್ಣೆಯಲ್ಲಿ ಸುತ್ತಿದ್ದೇನೆ, ಅಂಟು ಹಚ್ಚಿಲ್ಲ. ಕಾನ್ರಾಡ್ ತನ್ನ ಪಕ್ಕದ ಸೀಟಿನಲ್ಲೇ ಇಟ್ಟುಕೊಳ್ಳುತ್ತಾನಂತೆ.

ಪೊಲೀಸನು ನಿಮ್ಮ ಪತ್ರ ನಂಬಿದ. ಮೆಲ್ಬೋರ್ನಿನವರು ಹುಡುಕಿಕೊಳ್ಳಲಿ ಎಂದು ಕೈತೊಳೆದುಕೊಂಡನಂತೆ. ಕ್ರಿಸ್ಮಸ್ ಕಳೆದ ಮೇಲೆ ಈ ಕಡೆ ಅವನ ಜೀಪು ಬಂದಿಲ್ಲ.

ಕಳೆದ ಗುರುವಾರ ಕ್ಲಾರಾ ಬಂದಿದ್ದಳು. ಯಾರದೋ ಕುದುರೆಗಾಡಿಯಲ್ಲಿ, ಒಬ್ಬಳೇ, ಪೆಟ್ಟಿಗೆ ಒಯ್ಯಲು. ಒಲೆಯಿಂದ ಆಗಷ್ಟೇ ಇಳಿಸಿದ ಕ್ವಾಂಡಾಂಗ್ ಹಣ್ಣಿನ ಕಡುಬು ಮುಂದಿಟ್ಟೆ. ಮುಟ್ಟಲಿಲ್ಲ. ನಾಯಿಯ ಕತೆಯನ್ನೂ, ನಿಮ್ಮ ಮೆಲ್ಬೋರ್ನ್ ರೈಲಿನ ಕತೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೊನೆಗೆ ಪೆಟ್ಟಿಗೆಯ ಮಾತೂ ಬಾಯಿಗೆ ಬಂತು.

‘ಕ್ಲಾರಾ, ಪೊಲೀಸಿಗಿಂತ ಮುಂಚೆ ನಾನು...’

‘ಗೊತ್ತು ಅಮ್ಮಾವ್ರೇ. ಐವಿ ಹಳೇ ಲಂಗ ನಾನು ಸುತ್ತಿಡೋದು, ನೀವು ಮಡಿಸಿಟ್ಟಿದ್ರಿ.’

‘ಗೊತ್ತಿದ್ದೂ ಸುಮ್ನಿದ್ಯಾ?’

‘ಏನಂತ ಕೇಳ್ಲಿ? ನೀವೂ ಸುಮ್ನೇ ಇದ್ರಲ್ಲ.’

ಅವಳು ಮೇಜಿನ ಮೇಲಿದ್ದ ಮರಿಯ ಮೂಳೆಗಳನ್ನು ನೋಡುತ್ತಾ ನಿಂತಳು. ಮುಟ್ಟಲಿಲ್ಲ.

‘ಎಲ್ಲಿಗೆ ಕಳಿಸ್ತೀರಿ ಇದನ್ನ?’

‘ಅಡಿಲೇಡ್‌ಗೆ. ತಾಯಿ ಹತ್ರ.’

‘ಹತ್ರ ಅಂದ್ರೆ ಪಕ್ಕದ ಗಾಜಿನ ಪೆಟ್ಟಿಗೇಲಿ ಅಲ್ಲ. ಹೊಟ್ಟೆ ಜಾಗದಲ್ಲೇ ಇಡೋಕ್ಕೆ ಹೇಳಿ ಆ ಅಯ್ಯಂಗೆ.’

ಹೇಳಿದ್ದೇನೆ. ಹಾಗೇ ಮಾಡಿ.

ನೀವು ಬರೆದ ಚಿತ್ರ ಕೊಟ್ಟೆ. ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಕೆಲಸಕ್ಕೆ ವಾಪಸ್ ಬಾ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಗಾಡಿ ಹತ್ತುವಾಗ ಹಿಂದೆ ಓಡಿಹೋಗಿ ಕೇಳಿದೆ.

‘ಐವಿ ಹೇಗಿದಾಳೆ ಕ್ಲಾರಾ?’

‘ಚೆನ್ನಾಗಿದಾಳೆ.’

‘ಎಲ್ಲಿದಾಳೆ?’

ಕ್ಲಾರಾ ಲಗಾಮು ಕೈಗೆತ್ತಿಕೊಂಡಳು.

‘ಮೆಲ್ಬೋರ್ನ್ ರೈಲು ಹತ್ತಿದ್ವಲ್ಲ ಅಮ್ಮಾವ್ರೇ,’ ಅಂದಳು.

ಹೆಟ್ಟಿ